ರಸ್ತೆ ಬದಿಯ ಹಳ್ಳ, ಕರಗಿದ ಹಿಮದ ನೀರು

ಕಾರಿನ ಕಿಟಕಿಯಿಂದ ನೋಡಿದರೆ ಇದು ಹಳ್ಳ ಅಂತಲೂ ಅನ್ನಿಸುವುದಿಲ್ಲ. ಚರಂಡಿ ಸ್ವಲ್ಪ ಉಬ್ಬಿದ ಹಾಗಿದೆ, ಅಷ್ಟೇ. ಬೇಸಿಗೆಯಲ್ಲಿ ಬಂದರೆ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು. ಬೆಟ್ಟದ ಮೇಲಿನ ಹಿಮ ಕರಗುವ ಕೆಲವು ವಾರ ಮಾತ್ರ ಇದರಲ್ಲಿ ಕಯಾಕ್, ಅಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಚಿಕ್ಕ ದೋಣಿ, ತೇಲುವಷ್ಟು ನೀರಿರುತ್ತದೆ. ಅದೂ ದಿನವಿಡೀ ಇರುವುದಿಲ್ಲ.

ವಿಡಿಯೊದ ಈ ಶಾಟ್ ಬೆಳಿಗ್ಗೆಯದು. ಸೇತುವೆ ಕೆಳಗಿನ ಚಪ್ಪಟೆ ಬಂಡೆ ನೋಡಿ, ಅದರ ತಲೆ ಒಣಗಿದೆ. ಇದು ಅದೇ ಬಂಡೆ, ಸಂಜೆ. ಎಲ್ಲಿದೆ ಹೇಳಿ? ಒಂದು ಹನಿ ಮಳೆ ಬಿದ್ದಿಲ್ಲ. ರಾತ್ರಿಯ ಚಳಿಗೆ ಹಿಮ ಗಟ್ಟಿಯಾಗಿ ನೀರು ಇಳಿದಿರುತ್ತದೆ. ಬಿಸಿಲೇರಿದ ಮೇಲೆ ಕರಗಲು ಶುರು. ಆ ನೀರು ಹಿಮದ ಪದರದೊಳಗೆ ಜಿನುಗಿ, ಇಳಿಜಾರು ದಾಟಿ ಇಲ್ಲಿಗೆ ಬರಲು ಗಂಟೆಗಟ್ಟಲೆ ಬೇಕು. ಅದಕ್ಕೇ ಸೂರ್ಯ ಇಳಿಯುವ ಹೊತ್ತಿಗೆ ಹಳ್ಳ ತುಂಬುತ್ತದೆ. ಕೆಳಗಿನ ದೊಡ್ಡ ನದಿಗೆ ಇದೇ ಏರಿಕೆ ಮುಟ್ಟುವಾಗ ನಡುರಾತ್ರಿ ಆಗಿರಬಹುದು. ಇಷ್ಟು ಚಿಕ್ಕ ಹಳ್ಳಕ್ಕೆ ಯಾರೂ ನೀರಿನ ಮಟ್ಟ ಅಳೆಯುವ ಉಪಕರಣ ಹಾಕಿರುವುದಿಲ್ಲ. ಹಾಗಾಗಿ ನಮಗೆ ಬಂಡೆಯೇ ಲೆಕ್ಕ. ತಲೆ ಒದ್ದೆಯಾದರೆ ಇಳಿಯಬಹುದು. ಪೂರ್ತಿ ಮುಳುಗಿ ಹಿಂದೆ ನೊರೆ ಎದ್ದರೆ ದಡದಲ್ಲಿ ಕೂತು ನೋಡುವುದೇ ವಾಸಿ. ನಾವು ಕಯಾಕ್‌ನಲ್ಲಿ ಹೊರಟಿದ್ದು ಇವೆರಡರ ನಡುವೆ, ಮಧ್ಯಾಹ್ನ ಮೂರರ ಸುಮಾರಿಗೆ.

ಹೊರಗೆ ಟೀ ಶರ್ಟ್ ಹವೆ. ಆದರೂ ನೀರು ಒಳಗೆ ಬಿಡದ ಡ್ರೈಸೂಟ್ ಹಾಕಿದ್ದೇವೆ, ಒಳಗೆ ಬೆವರುತ್ತಿದ್ದೇವೆ. ಬಟ್ಟೆ ಹಾಕಬೇಕಾದದ್ದು ನೀರಿಗೆ ತಕ್ಕಂತೆ, ಗಾಳಿಗೆ ತಕ್ಕಂತೆ ಹಾಕಿದರೆ ಕೆಟ್ಟೆವು. ಕರಗಿದ ಹಿಮದ ನೀರು 0 ಡಿಗ್ರಿಗಿಂತ ತುಸುವೇ ಮೇಲಿರುತ್ತದೆ. ಕೆನಡಾದ ಗಾರ್ಡನ್ ಗೀಸ್‌ಬ್ರೆಕ್ಟ್ ಅನ್ನುವ ಸಂಶೋಧಕರು ಜನಪ್ರಿಯಗೊಳಿಸಿದ 1-10-1 ಅನ್ನುವ ಸೂತ್ರವಿದೆ. ತಣ್ಣೀರಿಗೆ ಬಿದ್ದರೆ ಏದುಸಿರು ಹತೋಟಿಗೆ ಬರಲು 1 ನಿಮಿಷ. ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಹಳ್ಳದಲ್ಲಿ ಕೊನೆಯ 1 ಲೆಕ್ಕಕ್ಕೇ ಬರುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಮೊದಲ ನಿಮಿಷದಲ್ಲೇ ನೀರು ನಿಮ್ಮನ್ನು ಎಷ್ಟೋ ಕಲ್ಲಿಗೆ ಬಡಿದಿರುತ್ತದೆ.

ಈಗ ರಸ್ತೆಯ ವಿಷಯ. ರಸ್ತೆ ಪಕ್ಕದಲ್ಲೇ ಇದೆ, ಏನಾದರೂ ಆದರೆ ಹತ್ತಿ ಹೋಗಬಹುದು, ಅದಕ್ಕೆ ಸೇಫ್ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅರ್ಧ ನಿಜ. ಉಳಿದರ್ಧ ಈ ಫ್ರೇಮ್‌ನಲ್ಲಿದೆ. ಬಲದಂಡೆ ನೋಡಿ, ನೇರವಾಗಿದೆ ಅಲ್ವಾ? ರಸ್ತೆ ಮಾಡಿದವರು ಹಳ್ಳವನ್ನು ಒಂದು ಬದಿಗೆ ಒತ್ತಿದ್ದಾರೆ. ತಾನಾಗಿ ಹರಿಯುವ ಹಳ್ಳ ಬಳುಕುತ್ತದೆ, ಅಲ್ಲಲ್ಲಿ ಅಗಲವಾಗುತ್ತದೆ. ಬಂಡೆಗಳ ಹಿಂದೆ ನೀರು ತಿರುಗಿ ನಿಧಾನವಾಗುವ ಜಾಗ ಬಿಡುತ್ತದೆ. ಅದಕ್ಕೇ ಎಡ್ಡಿ ಅನ್ನುವುದು. ನಾವು ನಿಂತು ಉಸಿರಾಡುವುದು, ಮುಂದೆ ನೋಡುವುದು ಅಲ್ಲೇ. ಒತ್ತಿದ ಹಳ್ಳದಲ್ಲಿ ಎಡ್ಡಿ ಕಡಿಮೆ, ವೇಗ ಜಾಸ್ತಿ. ವೇಗ ಎರಡರಷ್ಟಾದರೆ ನೀರು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ.

ದಂಡೆಗೆ ಸುರಿದ ಕಲ್ಲುಗಳೂ ಬೇರೆ ಥರ. ನೀರು ಸವೆಸಿದ ಕಲ್ಲು ದುಂಡಗಿರುತ್ತದೆ. ಇವು ಸಿಡಿಮದ್ದಿಟ್ಟು ಒಡೆದವು. ಅಂಚು ಚೂಪು, ನಡುವೆ ಕಾಲು ಸಿಕ್ಕಿಕೊಳ್ಳುವಷ್ಟು ಸಂದು. ಜೊತೆಗೆ ಹಳೇ ತಂತಿಬೇಲಿ, ಕಾಂಕ್ರೀಟಿನಿಂದ ಹೊರಬಂದ ಕಬ್ಬಿಣದ ಸರಳು. ಇವೆಲ್ಲ ನೀರಿನಿಂದ ಕಾಣುವುದಿಲ್ಲ, ರಸ್ತೆಯಿಂದ ಕಾಣುತ್ತವೆ. ಅದಕ್ಕೇ ಮೊದಲು ಇಡೀ ಹಾದಿ ನಡೆದು ನೋಡಿದೆವು. ಕಾರಲ್ಲಿ ಕೂತು ನೋಡಿದ್ದು ನೋಡಿದ್ದಲ್ಲ.

ಮತ್ತೆ ಮೋರಿ. ರಸ್ತೆ ಹಳ್ಳವನ್ನು ದಾಟುವ ಕಡೆ ಸೇತುವೆ ಇಲ್ಲದಿದ್ದರೆ ಒಂದು ಮೋರಿ ಇದ್ದೇ ಇರುತ್ತದೆ. ಬೆಳಿಗ್ಗೆ ನೋಡಿದಾಗ ಒಳಗೆ ತಲೆ ಬಗ್ಗಿಸಿ ಹೋಗುವಷ್ಟು ಜಾಗ ಇತ್ತು. ಸಂಜೆಗೆ ಅದು ಇರುವುದಿಲ್ಲ. ಬಾಯಲ್ಲಿ ಕೊಂಬೆ ಸಿಕ್ಕಿಕೊಂಡರೆ ಇನ್ನೂ ಅಪಾಯ. ಕೊಂಬೆಗಳ ನಡುವೆ ನೀರು ನುಗ್ಗಿ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ಮೋರಿಗಿಂತ ಸಾಕಷ್ಟು ಮೇಲೆ, ಕೊನೆಯ ಒಳ್ಳೇ ಎಡ್ಡಿಯ ಪಕ್ಕದ ಗಿಡಕ್ಕೆ ಕಿತ್ತಳೆ ಬಣ್ಣದ ಬಟ್ಟೆ ಕಟ್ಟಿದ್ದೇವೆ. ಅಲ್ಲಿ ನಿಲ್ಲಲೇಬೇಕು. ಗೆಳೆಯನೊಬ್ಬ ಎಸೆಯುವ ಹಗ್ಗ ಹಿಡಿದು ದಡದಲ್ಲಿದ್ದಾನೆ. ಅವನಿಗೆ ಬೋರ್ ಆಗುವುದೇ ನಮ್ಮ ಗುರಿ.

ಸರಿ, ಹೊರಟೆವು. ಹೆಲ್ಮೆಟ್ ಕ್ಯಾಮೆರಾ ತುಂಬಾ ಅಲುಗಾಡುತ್ತದೆ, ಕ್ಷಮಿಸಿ. ಪ್ಯಾಡಲ್ ಎರಡೂ ಕಡೆ ದಡಕ್ಕೆ ತಗಲುತ್ತಿದೆ. ಅರ್ಧ ಹೊಡೆತ ನೀರಿಗೆ, ಅರ್ಧ ಕಲ್ಲಿಗೆ. ಎಡಕ್ಕೆ ವಾಲು, ಕೊಂಬೆಗೆ ತಲೆ ತಗ್ಗಿಸು. ಇಲ್ಲೊಂದು ಮೆಟ್ಟಿಲು ಬರುತ್ತದೆ. ಅಂಚಿನಲ್ಲಿ ಒಂದು ಬಲವಾದ ಎಳೆತ, ದೋಣಿಯ ಮೂತಿ ಮೇಲಕ್ಕೆ, ಕೆಳಗೆ ಚಪ್ಪಟೆಯಾಗಿ ದಬ್ ಅಂತ ಇಳಿಯಿತು. ಮೂತಿ ಕೆಳಗೆ ಮಾಡಿ ಬಿದ್ದರೆ ತಳದ ಕಲ್ಲು ಕಾಯುತ್ತಿರುತ್ತದೆ. ಆಮೇಲೆ ಬಿಡುವೇ ಇಲ್ಲ. ಯೋಚಿಸಲು ಹೋದರೆ ಮುಂದಿನ ತಿರುವು ಬಂದಾಗಿರುತ್ತದೆ. ಪಕ್ಕದಲ್ಲಿ ಒಂದು ಲಾರಿ ಸುಮ್ನೆ ಹಾರ್ನ್ ಹೊಡೆಯಿತು. ಕೇಳಿಸಿತಾ? ಕಿತ್ತಳೆ ಬಟ್ಟೆ ಕಂಡಿತು, ಎಡ್ಡಿ ಹಿಡಿದೆ. ಒಂದೇ ಕಯಾಕ್‌ಗೆ ಜಾಗ ಇರುವುದು. ಅದಕ್ಕೇ ನಾನು ಹೊರಬಂದು ಸೀಟಿ ಊದಿದ ಮೇಲೆ ಹಿಂದಿನವನು ಹೊರಡುವುದು.

ರಸ್ತೆಯ ನಿಜವಾದ ಉಪಕಾರ ಇದು: ಸುಮಾರು 20 ಕೆಜಿಯ ಕಯಾಕ್ ಹೆಗಲಿಗೇರಿಸಿ ರಸ್ತೆ ಬದಿಯಲ್ಲೇ ನಡೆದು ಮತ್ತೆ ಮೇಲಕ್ಕೆ. ಒಂದು ಕಾರು ನಿಲ್ಲಿಸಿ ಸಹಾಯ ಬೇಕಾ ಅಂತ ಕೇಳಿದರು. ಬೇಡ, ಬೇಕು ಅಂತಲೇ ಮಾಡುತ್ತಿದ್ದೇವೆ ಅಂದೆ. ಅವರು ಏನೂ ಹೇಳದೆ ಗಾಜು ಏರಿಸಿದರು.

ನೀರು ನೊರೆ ಏಳಿಸುವ ಮೊದಲೇ ಮುಗಿಸಿದೆವು, ಗಿಡಕ್ಕೆ ಕಟ್ಟಿದ್ದ ಕಿತ್ತಳೆ ಬಟ್ಟೆ ಬಿಚ್ಚಿಕೊಂಡೆವು. ಈ ಇಳಿಜಾರಿನ ಹಿಮ ಹೆಚ್ಚು ದಿನ ಉಳಿಯುವುದಿಲ್ಲ. ಇನ್ನೂ ಎತ್ತರದಲ್ಲಿ, ಬಿಸಿಲು ತಡವಾಗಿ ಬೀಳುವ ಕಡೆ ಇನ್ನೊಂದು ಹಳ್ಳ ಈಗಷ್ಟೇ ಏರುತ್ತಿದೆ. ಅಲ್ಲಿ ಎರಡು ಮೋರಿ ಇವೆ. ಮೊದಲು ಹಾದಿ ನಡೆದು ನೋಡಿ ಬರುತ್ತೇವೆ.