ಗುಳಿಗೆ ಸುತ್ತಿ ಬರುವ ದಾರಿ

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಮಳೆ ಹಿಡಿಯಿತು ಅಂದರೆ ಕಂಬಳಿಗೂ ಬೂಷ್ಟು, ಗೋಡೆಗೂ ಬೂಷ್ಟು. ಜೊತೆಗೆ ಬಚ್ಚಲೊಲೆಯ ಹೊಗೆ. ಅಮ್ಮನ ದಮ್ಮು ಏಳುತ್ತಿದ್ದುದೂ ಆಗಲೇ. ನಡುರಾತ್ರಿ ಎದ್ದು, ಮಂಚದ ಅಂಚು ಹಿಡಿದು, ಕೂತೇ ಬೆಳಗು ಮಾಡುತ್ತಿದ್ದಳು.

ಅವಳು ವರ್ಷಗಟ್ಟಲೆ ನಂಬಿದ್ದು ಸಾಲ್ಬುಟಮಾಲ್ ಗುಳಿಗೆಯನ್ನು. ನುಂಗಿ ಅರ್ಧ ಗಂಟೆ ಕಾಯಬೇಕು. ಉಸಿರು ಸ್ವಲ್ಪ ಸಡಿಲವಾಗುವ ಹೊತ್ತಿಗೆ ಎದೆ ಡವಡವ, ಕೈ ನಡುಕ. ಲೋಟ ಎತ್ತಿದರೆ ಕಾಫಿ ಬಸಿಗೆ ತುಳುಕುತ್ತಿತ್ತು. ವಯಸ್ಸಾಯಿತು ಅಂದುಕೊಂಡೆವು. ಗುಳಿಗೆಯಿಂದ ಹೀಗಾಗುತ್ತದೆ ಅಂತ ನಮಗೆ ಹೊಳೆಯಲೇ ಇಲ್ಲ.

ಲೆಕ್ಕ ನೋಡಿ. ಆ ಗುಳಿಗೆಯಲ್ಲಿ 4 ಮಿಲಿಗ್ರಾಂ ಮದ್ದು. ಅದೇ ಮದ್ದು ಬಾಯಿಂದ ಎಳೆದುಕೊಳ್ಳುವ ಇನ್‌ಹೇಲರ್‌ನ, ಅಂದರೆ ಪಂಪಿನ, ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ, ಅಂದರೆ 0.1 ಮಿಲಿಗ್ರಾಂ. ಒಂದು ಗುಳಿಗೆಯಲ್ಲಿ 40 ಪಫ್‌ನಷ್ಟು ಮದ್ದು! ಗುಳಿಗೆ ಹೊಟ್ಟೆಗಿಳಿದು, ರಕ್ತ ಸೇರಿ, ಮೈಯೆಲ್ಲ ಸುತ್ತಿ ಶ್ವಾಸಕೋಶಕ್ಕೆ ಬರಬೇಕು. ಪಫ್ ನೇರವಾಗಿ ಅಲ್ಲಿಗೇ ಹೋಗಿ ಕೆಲವೇ ನಿಮಿಷದಲ್ಲಿ ಕೆಲಸ ಶುರು ಮಾಡುತ್ತದೆ. ‘ಪಂಪು ಸ್ಟ್ರಾಂಗು, ಅದು ಕೊನೆಯ ಮದ್ದು, ಒಮ್ಮೆ ಹಿಡಿದರೆ ಬಿಡೋಕಾಗಲ್ಲ’ ಅನ್ನುವವರು ನಮ್ಮಲ್ಲಿ ಜಾಸ್ತಿ. ಆ ಮಾತು ಕೇಳಿ ಅಮ್ಮ ಕಳೆದ ರಾತ್ರಿಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಾತು. ಸಾಲ್ಬುಟಮಾಲ್ ಬಿಗಿದ ಉಸಿರುನಾಳವನ್ನು ಸಡಿಲಿಸುತ್ತದೆ ಅಷ್ಟೆ. ಒಳಗಿನ ಊತ ಹಾಗೇ ಇರುತ್ತದೆ. ಬರೀ ಅದೊಂದನ್ನೇ ನೆಚ್ಚಬೇಡಿ ಎಂದು ಗಿನಾ ಎಂಬ ಅಂತರರಾಷ್ಟ್ರೀಯ ಆಸ್ತಮಾ ಸಂಸ್ಥೆ 2019ರಿಂದ ಹೇಳುತ್ತಿದೆ. ಊತ ಇಳಿಸುವುದು ಬುಡೆಸೊನೈಡ್‌ನಂಥ ಸ್ಟೀರಾಯ್ಡ್. ಹೆಸರಿಗೇ ಹೆದರಬೇಡಿ. ಎಳೆದುಕೊಳ್ಳುವಾಗ ಇದೂ ಮೈಕ್ರೋಗ್ರಾಂ ಲೆಕ್ಕವೇ. ಆರಾಮಾಗಿದ್ದಾಗಲೂ ವೈದ್ಯರು ಹೇಳಿದಂತೆ ತಗೊಳ್ಳಬೇಕು. ದಮ್ಮು ವಿಪರೀತವಾದಾಗ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ಕೆಲವು ದಿನಕ್ಕೆ ಬೇಕಾಗುತ್ತದೆ, ಜೀವವನ್ನೂ ಉಳಿಸುತ್ತದೆ. ಹಳೇ ಚೀಟಿ ತೋರಿಸಿ ಅದನ್ನೇ ತಿಂಗಳುಗಟ್ಟಲೆ ನುಂಗಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಹಾಗಂತ ತುಂಬಾ ದಿನದಿಂದ ನುಂಗುತ್ತಿರುವವರು ತಾವಾಗಿಯೇ ದಿಢೀರನೆ ನಿಲ್ಲಿಸಬಾರದು. ಮಾಂಟೆಲುಕಾಸ್ಟ್ ಅಂತಲೂ ಒಂದು ಗುಳಿಗೆ ಇದೆ, ಕೆಲವರಿಗೆ ಜೊತೆಗೆ ಕೊಡುತ್ತಾರೆ. ಅದು ತಗೊಂಡಾಗ ನಿದ್ದೆ, ಮನಸ್ಸು ಏರುಪೇರಾದರೆ ತಕ್ಷಣ ವೈದ್ಯರಿಗೆ ತಿಳಿಸಿ.

ಗುಳಿಗೆ ನುಂಗೋದನ್ನು ಯಾರೂ ಕಲಿಸಬೇಕಿಲ್ಲ. ಪಫ್ ಹಾಗಲ್ಲ. ನಮ್ಮ ಪಕ್ಕದ ಮನೆಯ ಹಿರಿಯರು ಪುಡಿ ಇನ್‌ಹೇಲರ್‌ಗೆ ಹಾಕಿ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುತ್ತಿದ್ದರು! ಯಾರೂ ತೋರಿಸಿಕೊಟ್ಟಿರಲಿಲ್ಲ, ಪಾಪ. ಅಮ್ಮನೂ ಕೊನೆಗೆ ಇನ್‌ಹೇಲರ್ ಹಿಡಿದಳು, ಆದರೆ ಒತ್ತಿದ ಪಫ್ ತುಟಿಯಂಚಿನಿಂದ ಬಿಳಿ ಹಬೆಯಾಗಿ ಹೊರಗೇ ಬರುತ್ತಿತ್ತು. ಸ್ಪೇಸರ್, ಅಂದರೆ ಇನ್‌ಹೇಲರ್‌ಗೂ ಬಾಯಿಗೂ ನಡುವೆ ಇಡುವ ಕೊಳವೆ, ಹಾಕಿದ ಮೇಲೆ ಸರಿಹೋಯಿತು. ಒತ್ತುವ ಇನ್‌ಹೇಲರ್ ಆದರೆ ಚೆನ್ನಾಗಿ ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ಒತ್ತಿ ನಿಧಾನ ಎಳೆಯಬೇಕು. ಪುಡಿಯದಾದರೆ ಜೋರಾಗಿ, ಆಳವಾಗಿ. ಎರಡಕ್ಕೂ ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಸ್ಟೀರಾಯ್ಡ್ ಆದರೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ ಕಟ್ಟುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ, ಹಾಗಾಗಿ ಕ್ಯಾಪ್ಸೂಲನ್ನು ಒಣಗಿದ ಕೈಯಲ್ಲಿ, ಬೇಕಾದಾಗಲೇ ಹೊರಗೆ ತೆಗೆಯಿರಿ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಇನ್‌ಹೇಲರ್ ಚೀಲದಲ್ಲಿರಲಿ. ಡಾಕ್ಟರ ಎದುರೇ ಒಮ್ಮೆ ಎಳೆದು ತೋರಿಸಿ. ಅಮ್ಮನ ತುಟಿಯಂಚಿನ ಆ ಹಬೆಯನ್ನು ಮೊದಲು ಕಂಡವರು ಅವರೇ.

ನಮಸ್ಕಾರ.