ನಿನ್ನೆ ಬಿಲ್ಡ್ ಆಗಿದ್ದ ಸಿ ಕೋಡ್ ಇವತ್ತು ಯಾಕೆ ಆಗುತ್ತಿಲ್ಲ?

[ಸ್ಕ್ರೀನ್: ಟರ್ಮಿನಲ್‌ನಲ್ಲಿ ಮೇಕ್ ಓಡುತ್ತಿದೆ. ಕೆಂಪು ಸಾಲುಗಳು ಸುರಿಯುತ್ತಿವೆ.]

ಸಿಸ್ಟಮ್ ಅಪ್‌ಗ್ರೇಡ್ ಮಾಡಿದಿರಿ. ಹಳೇ ಸಿ ಪ್ರಾಜೆಕ್ಟ್ ತೆಗೆದು, ಬಿಲ್ಡ್ ಮಾಡುವ ಮೇಕ್ ಕಮಾಂಡ್ ಕೊಟ್ಟಿರಿ. ನಲವತ್ತು ಎರರ್! ಕೋಡಿನಲ್ಲಿ ಒಂದಕ್ಷರ ಮುಟ್ಟಿಲ್ಲ. ಆಗ ಎಲ್ಲರೂ ಬೈಯುವುದು ಕೋಡನ್ನು ಪ್ರೋಗ್ರಾಮ್ ಆಗಿಸುವ ಕಂಪೈಲರನ್ನೇ, ಅಲ್ವಾ?

ಬೈಯುವ ಮೊದಲು ಅದರ ವರ್ಷನ್ ನೋಡಿ. ನಿಮ್ಮ ಕಂಪೈಲರ್ ಜಿಸಿಸಿ ಆಗಿದ್ದು, 13ರಿಂದ 14ಕ್ಕೋ 15ಕ್ಕೋ ಹೋಗಿದ್ದರೆ ಈ ವಿಡಿಯೋ ನಿಮಗೇ. ಬಿಲ್ಡ್ ಫೋಲ್ಡರ್ ಅಳಿಸಿ, ಹೊಸದಾಗಿ ಶುರು ಮಾಡಿ. ಆಮೇಲೆ ಮೇಲಕ್ಕೆ ಸ್ಕ್ರೋಲ್ ಮಾಡಿ ಮೊದಲ ಎರರ್ ಮಾತ್ರ ಓದಿ. ಉಳಿದವುಗಳಲ್ಲಿ ಎಷ್ಟೋ ಅದರ ಮರಿಗಳು.

[ಸ್ಕ್ರೀನ್: "ಇಂಪ್ಲಿಸಿಟ್ ಡಿಕ್ಲರೇಶನ್ ಆಫ್ ಫಂಕ್ಷನ್ ಕ್ಲೋಸ್"]

ಇದು 14ರ ಕೆಲಸ. ಕ್ಲೋಸ್ ಫಂಕ್ಷನ್ ಕರೆದಿದ್ದೀರಿ, ಆದರೆ ಅದನ್ನು ಕಂಪೈಲರ್‌ಗೆ ಪರಿಚಯಿಸುವ ಯುನಿಎಸ್‌ಟಿಡಿ ಹೆಡರ್ ಫೈಲ್ ಸೇರಿಸಿಲ್ಲ. ಹೀಗೆ ಹೇಳದೆ ಕೇಳದೆ ಫಂಕ್ಷನ್ ಕರೆಯುವುದನ್ನು ಸಿ ಭಾಷೆ 1999ರಲ್ಲೇ ತೆಗೆದುಹಾಕಿತ್ತು. ಜಿಸಿಸಿ ಮಾತ್ರ 2024ರವರೆಗೂ ಹೋಗಲಿ ಪಾಪ ಅಂತ ಬಿಡುತ್ತಿತ್ತು. ವಾರ್ನಿಂಗ್ ಬರುತ್ತಿತ್ತು ನಿಜ. ವಾರ್ನಿಂಗ್ ಯಾರು ಓದುತ್ತಾರೆ?

ಇದರಲ್ಲಿ ಅಪಾಯ ಏನು? ಗೊತ್ತಿಲ್ಲದ ಫಂಕ್ಷನ್ ಇಂಟ್, ಅಂದರೆ ಪೂರ್ಣಾಂಕ, ವಾಪಸ್ ಕೊಡುತ್ತದೆ ಅಂತ ಹಳೇ ಕಂಪೈಲರ್ ಅಂದುಕೊಳ್ಳುತ್ತಿತ್ತು. ಈಗಿನ 64 ಬಿಟ್ ಲಿನಕ್ಸ್‌ನಲ್ಲಿ ಇಂಟ್ 32 ಬಿಟ್, ಪಾಯಿಂಟರ್ (ಮೆಮೊರಿ ವಿಳಾಸ) 64. ನಿಮ್ಮ ಫಂಕ್ಷನ್ ವಾಪಸ್ ಕೊಡುವುದು ಪಾಯಿಂಟರ್ ಆದರೆ ಅದರ ಅರ್ಧ ಅಲ್ಲೇ ಕತ್ತರಿಸಿ ಹೋಗುತ್ತದೆ. ಪ್ರೋಗ್ರಾಮ್ ಸಾಯುವುದು ಇನ್ನೆಲ್ಲೋ. ನೀವು ರಾತ್ರಿಯಿಡೀ ಹುಡುಕುವುದು ಅಲ್ಲಿ! ಅದಕ್ಕೇ ಇಲ್ಲಿ ನಾನು ಕಂಪೈಲರ್ ಪರ. ಹೆಡರ್ ಸೇರಿಸಿ, ಮುಗಿಯಿತು.

[ಸ್ಕ್ರೀನ್: "ಟೈಪ್‌ಡೆಫ್ ಇಂಟ್ ಬೂಲ್"]

15ರ ಕಥೆ ಬೇರೆ. ಇಲ್ಲಿ ನಿಮ್ಮದು ಅಂಥ ತಪ್ಪೇನೂ ಇಲ್ಲ, ಆಟದ ನಿಯಮವೇ ಬದಲಾಗಿದೆ. 2025ರ ಏಪ್ರಿಲ್‌ನಲ್ಲಿ ಬಂದ ಈ ವರ್ಷನ್ ನೀವು ಏನೂ ಹೇಳದಿದ್ದರೆ ಕೋಡ್ ಸಿ23, ಅಂದರೆ ಸಿ ಭಾಷೆಯ ಹೊಸ ಸ್ಟ್ಯಾಂಡರ್ಡ್, ಅಂತಲೇ ಹಿಡಿಯುತ್ತದೆ. ಸಿ23ಯಲ್ಲಿ ಬೂಲ್, ಟ್ರೂ, ಫಾಲ್ಸ್ ಮೂರೂ ಕೀವರ್ಡ್, ಅಂದರೆ ಭಾಷೆ ತನಗೇ ಕಾಯ್ದಿಟ್ಟ ಪದ. ಆ ಹೆಸರನ್ನು ನೀವು ಟೈಪ್‌ಡೆಫ್ ಬಳಸಿ ಇನ್ನೊಂದಕ್ಕೆ ಇಡುವ ಹಾಗಿಲ್ಲ. ಟೈಪ್‌ಡೆಫ್ ಕಿತ್ತು ಎಸ್‌ಟಿಡಿಬೂಲ್ ಹೆಡರ್ ಹಾಕಿ, ಹಳೇದರಲ್ಲೂ ಹೊಸದರಲ್ಲೂ ನಡೆಯುತ್ತದೆ. ಇನ್ನೊಂದು, ಫಂಕ್ಷನ್ ಡಿಕ್ಲೇರ್ ಮಾಡುವಾಗ ಹೆಸರಿನ ಮುಂದೆ ಹಾಕುವ ಖಾಲಿ ಬ್ರಾಕೆಟ್. ಮೊದಲು ಅದರ ಅರ್ಥ "ಆರ್ಗ್ಯುಮೆಂಟ್ ಎಷ್ಟಾದರೂ ಇರಲಿ". ಈಗ "ಒಂದೂ ಬೇಡ". ಕೋಡ್ ಬೇರೆಯವರದ್ದು, ಸಂಜೆಯೊಳಗೆ ಬಿಲ್ಡ್ ಬೇಕು ಅಂದರೆ ಕಂಪೈಲರ್‌ಗೆ ಆಯ್ಕೆಗಳನ್ನು ಕೊಡುವ ಸಿಫ್ಲ್ಯಾಗ್ಸ್‌ನಲ್ಲಿ ಹಳೇ ಸ್ಟ್ಯಾಂಡರ್ಡ್ ಗ್ನು17 (-std=gnu17) ಅಂತ ಕೊಡಿ.

ಎರರ್ ಬಂದರೆ ಸರಿ, ಗೊತ್ತಾದರೂ ಆಗುತ್ತದೆ. ನನಗೆ ಜಾಸ್ತಿ ಭಯ ಎರರೇ ಬಾರದ ಕೇಸ್.

[ಸ್ಕ್ರೀನ್: ಕಾನ್ಫಿಗರ್ ಓಡುತ್ತಿದೆ. "ಚೆಕಿಂಗ್ ಫಾರ್... ನೋ"]

ಬಿಲ್ಡ್‌ಗೆ ಮೊದಲು ಓಡುವ ಕಾನ್ಫಿಗರ್ ಸ್ಕ್ರಿಪ್ಟ್, ಸಿಸ್ಟಮ್‌ನಲ್ಲಿ ಏನೇನಿದೆ ಅಂತ ತಿಳಿಯಲು ಸಣ್ಣ ಸಣ್ಣ ಸಿ ಪ್ರೋಗ್ರಾಮ್ ಬರೆದು, ಕಂಪೈಲ್ ಆಗುತ್ತದಾ ನೋಡುತ್ತದೆ. ಹಳೇ ಸ್ಕ್ರಿಪ್ಟ್‌ಗಳಲ್ಲಿ ಎಷ್ಟೋ ಸಲ ಆ ಪ್ರೋಗ್ರಾಮ್‌ಗಳಿಗೇ ಹೆಡರ್ ಇರುವುದಿಲ್ಲ. ಜಿಸಿಸಿ 14 ಅದನ್ನು ಫೇಲ್ ಮಾಡುತ್ತದೆ. ಕಾನ್ಫಿಗರ್ ಸುಮ್ನೆ "ಈ ಸೌಲಭ್ಯ ಇಲ್ಲ" ಅಂತ ಬರೆದುಕೊಂಡು ಮುಂದೆ ಹೋಗುತ್ತದೆ. ಬಿಲ್ಡ್ ಹಸಿರು. ಒಂದು ಫೀಚರ್ ಮಾತ್ರ ಮಾಯ.

ಹಿಡಿಯುವುದು ಹೀಗೆ. ಕಾನ್ಫಿಗರ್ ಒಮ್ಮೆ ಹಾಗೇ ಓಡಿಸಿ, ಇನ್ನೊಮ್ಮೆ ಇಂಥ ಎರರ್‌ಗಳನ್ನು ಮತ್ತೆ ವಾರ್ನಿಂಗ್ ಆಗಿಸುವ ಎಫ್‌ಪರ್ಮಿಸಿವ್ ಫ್ಲ್ಯಾಗ್ ಕೊಟ್ಟು ಓಡಿಸಿ. ಫಲಿತಾಂಶ ಬರೆದಿಡುವ ಕಾನ್ಫಿಗ್ ಡಾಟ್ ಎಚ್ ಫೈಲ್ ಎರಡು ಸಲ ಬಂದಿರುತ್ತದಲ್ಲ, ಅವೆರಡನ್ನೂ ಡಿಫ್ ಮಾಡಿ, ಅಂದರೆ ಹೋಲಿಸಿ ನೋಡಿ. ಎಲ್ಲಿ ವ್ಯತ್ಯಾಸ ಇದೆಯೋ ಆ ಟೆಸ್ಟಿಗೇ ಹೆಡರ್ ಬೇಕು.

[ಸ್ಕ್ರೀನ್: ಡಿಫ್‌ನಲ್ಲಿ ಒಂದೇ ಒಂದು ಸಾಲು ಬೇರೆ]