ತಾರಸಿಯ ಸೆನ್ಸರ್ ಹೇಳುವುದನ್ನು ಕಂಪ್ಯೂಟರಿನಲ್ಲಿ ಹಿಡಿಯುವುದು

ಕೇಳುಗರಿಗೆ ನಮಸ್ಕಾರ. ತಾರಸಿಯಲ್ಲೋ ಹಿತ್ತಿಲಲ್ಲೋ ತೂಗುಹಾಕುವ ವೈರ್‌ಲೆಸ್ ತಾಪಮಾಪಕ ಸುಮಾರು ನಿಮಿಷಕ್ಕೊಮ್ಮೆ ಉಷ್ಣಾಂಶ, ತೇವಾಂಶ, ಬ್ಯಾಟರಿಯ ಸ್ಥಿತಿಯನ್ನು ಪ್ರಸಾರ ಮಾಡುತ್ತಿರುತ್ತದೆ. ಇಂಥ ಬಹಳಷ್ಟು ಸೆನ್ಸರ್‌ಗಳ ಆವರ್ತನ, ಅಂದರೆ ಫ್ರೀಕ್ವೆನ್ಸಿ, 433.92 ಮೆಗಾಹರ್ಟ್ಸ್. ಸಂಕೇತಕ್ಕೆ ಬೀಗವೇನೂ ಇರುವುದಿಲ್ಲ, ಯಾರು ಬೇಕಾದರೂ ಓದಬಹುದು.

ಇದಕ್ಕೆ ಬೇಕಾದದ್ದು ಆರ್‌ಟಿಎಲ್2832ಯು ಚಿಪ್ ಇರುವ ಯುಎಸ್‌ಬಿ ಡಾಂಗಲ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್, ಜೊತೆಗೆ ಆರ್‌ಟಿಎಲ್_433 ಎಂಬ ಉಚಿತ ತಂತ್ರಾಂಶ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ, ತಂತ್ರಾಂಶ ಹಾಕಿಕೊಳ್ಳುವ ಆಪ್ಟ್ ಆದೇಶದ ಮೂಲಕವೇ ಇದು ಸಿಗುತ್ತದೆ. ಹಾಕಿಕೊಳ್ಳುವಾಗ ಹೆಸರಿನ ನಡುವೆ ಹೈಫನ್, ಓಡಿಸುವಾಗ ಅಂಡರ್‌ಸ್ಕೋರ್, ಗಮನವಿರಲಿ.

ಓಡಿಸಿದೊಡನೆ 'ಕ್ಲೇಮ್ ಇಂಟರ್‌ಫೇಸ್ ಎರರ್ ಮೈನಸ್ 6' ಎಂದು ಬಂದರೆ ಡಾಂಗಲ್ ಕೆಟ್ಟಿದೆಯೆಂದು ಎಣಿಸಬೇಡಿ. ಅದು ಮೂಲತಃ ಟಿವಿ ಡಾಂಗಲ್ ಆದ್ದರಿಂದ ಪೈಯನ್ನು ನಡೆಸುವ ಲಿನಕ್ಸ್ ಅದನ್ನು ತನ್ನ ಟಿವಿ ಡ್ರೈವರ್‌ಗೆ ಒಪ್ಪಿಸಿಬಿಟ್ಟಿರುತ್ತದೆ. ಆ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ, ಅಂದರೆ ತಾನಾಗಿ ಚಾಲೂ ಆಗದಂತೆ ತಡೆದು, ಪೈಯನ್ನು ರೀಬೂಟ್ ಮಾಡಿ. ಬೇರೆ ರೇಡಿಯೊ ತಂತ್ರಾಂಶ ತೆರೆದಿದ್ದರೂ ಇದೇ ದೂರು ಬರುತ್ತದೆ.

ಆಂಟೆನಾದ ಕಡ್ಡಿಯನ್ನು ಪೂರ್ತಿ ಎಳೆಯುವುದು ತಪ್ಪು. ಈ ತರಂಗದ ಉದ್ದ 69 ಸೆಂಟಿಮೀಟರ್; ಅದರ ಕಾಲು ಭಾಗ, 17 ಸೆಂಟಿಮೀಟರ್ ಸಾಕು. ಕಡ್ಡಿ ನೆಟ್ಟಗೆ ನಿಂತಿರಲಿ, ಬುಡ ಲೋಹದ ತಗಡಿನ ಮೇಲಿರಲಿ. ಪರೀಕ್ಷೆಗೆಂದು ಸೆನ್ಸರನ್ನು ಡಾಂಗಲ್ ಪಕ್ಕದಲ್ಲೇ ಇಟ್ಟರೆ ಸಂಕೇತದ ಅಬ್ಬರಕ್ಕೆ ರಿಸೀವರ್ ತತ್ತರಿಸಿ ಏನೂ ಓದದೆ ಹೋಗಬಹುದು. ನಾಲ್ಕಾರು ಮೀಟರ್ ದೂರ ಇಡಿ, ಇಲ್ಲವೇ ಗೇನ್, ಅಂದರೆ ರಿಸೀವರ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಇಳಿಸಿ.

ಈಗ ಪರದೆಯಲ್ಲಿ ಮಾಡೆಲ್, ಐಡಿ, ಚಾನೆಲ್, ಉಷ್ಣಾಂಶ 26.4, ತೇವಾಂಶ 71 ಎಂಬಂತೆ ಅಂಕಿಗಳು ಮೂಡುತ್ತವೆ. ಹೆಸರು-ಬೆಲೆ ಜೋಡಿಗಳಾಗಿ ಬರೆಯುವ ಜೇಸನ್ ರೂಪದಲ್ಲಿ ಬರೆಸಿದರೆ 'ಬ್ಯಾಟರಿ ಓಕೆ' ಎಂಬಲ್ಲಿ 1 ಇದ್ದರೆ ಬ್ಯಾಟರಿ ಸರಿಯಿದೆ, 0 ಇದ್ದರೆ ಬದಲಿಸಬೇಕು. ಬದಲಿಸಿದೊಡನೆ ಅನೇಕ ಸೆನ್ಸರ್‌ಗಳ ಐಡಿಯೂ ಬದಲಾಗುತ್ತದೆ! ಐಡಿಯನ್ನೇ ನಂಬಿ ದಾಖಲೆ ಇಡುತ್ತಿದ್ದರೆ ಅಂದೇ ದಾಖಲೆ ನಿಂತಿತು. ಮಾಡೆಲ್ ಮತ್ತು ಚಾನೆಲ್ ಹಿಡಿದು ಗುರುತಿಸುವುದು ಮೇಲು. ಪಕ್ಕದ ಮನೆಯಲ್ಲೂ ಅದೇ ಮಾಡೆಲ್ ಇದ್ದರೆ ನಿಮ್ಮ ಚಾನೆಲ್ ಬದಲಿಸಿಕೊಳ್ಳಿ.

ಒಮ್ಮೆ ಮಾತ್ರ ಕಂಡು ಮಾಯವಾದ ಸೆನ್ಸರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೆಲವು ಪ್ರೋಟೊಕಾಲ್‌ಗಳಲ್ಲಿ, ಅಂದರೆ ಸೆನ್ಸರ್‌ಗಳು ಮಾಹಿತಿ ಕಳಿಸುವ ಕ್ರಮಗಳಲ್ಲಿ, ತಪ್ಪು ಹಿಡಿಯುವ ಚೆಕ್‌ಸಮ್ ಇಲ್ಲ, ಬರೀ ಗದ್ದಲವೂ ಅಂಕಿಯಾಗಿ ಕಾಣುತ್ತದೆ. ನಿಮ್ಮ ಸೆನ್ಸರಿನ ಪ್ರೋಟೊಕಾಲ್ ಸಂಖ್ಯೆ ಗೊತ್ತಾದ ಮೇಲೆ ಅದೊಂದನ್ನೇ ಚಾಲೂ ಇಡಿ. ರಸ್ತೆಯಲ್ಲಿ ಹೋಗುವ ಕಾರುಗಳ ಟೈರಿನ ಒತ್ತಡವೂ ಐಡಿ ಸಮೇತ ಬಂದೀತು. ಅದು ಇನ್ನೊಬ್ಬರ ಓಡಾಟದ ಗುರುತು, ಕೂಡಿಡಬಾರದು.

ಅಮೆರಿಕದಿಂದ ತಂದ ಸೆನ್ಸರ್ ಇಲ್ಲಿ ಕಾಣಿಸದಿದ್ದರೆ 915 ಮೆಗಾಹರ್ಟ್ಸ್‌ನಲ್ಲಿ ಹುಡುಕಿ. ಆಗ ಆಂಟೆನಾದ ಕಡ್ಡಿಯನ್ನು 8 ಸೆಂಟಿಮೀಟರಿಗೆ ಇಳಿಸಿ.